ತೊಟ್ಟಿಲ ಪಕ್ಕದಲ್ಲೇ ಹಾಡು



ಚೊಚ್ಚಲ ಬಸಿರಿನಲ್ಲಿ "ಇನ್ನು ನಿನ್ನ ಓದು, ಸಂಗೀತ ಎಲ್ಲಾ ಮುಗೀತು ಬಿಡು" ಅನ್ನಿಸಿಕೊಳ್ಳದವರು ನಮ್ಮಲ್ಲಿ ಎಷ್ಟು ಮಂದಿ? ಅಂಥದೇ ಮಾತು ಕೇಳಿದ ಅಮೆರಿಕದ ಹಾಡುಗಾರ್ತಿಯೊಬ್ಬಳ ಕಥೆ ಈ ಸಲ ನಿಮಗೆ ಹೇಳಬೇಕೆನಿಸಿದೆ.

ಹೆಸರು ಲಾರಿನ್ ಹಿಲ್. ನ್ಯೂಜೆರ್ಸಿಯವಳು, ತಾಯಿ ಶಾಲೆಯಲ್ಲಿ ಟೀಚರು. ‘ಫ್ಯೂಜೀಸ್’ ಎಂಬ ಮೂವರ ತಂಡದಲ್ಲಿ ಹಾಡಿ ಹೆಸರಾದ ಹೊತ್ತಿನಲ್ಲೇ ಬಸುರಿಯಾದಳು. ಈಗಲೇ ಮಗು ಯಾಕೆ, ಹಾಡಿನ ಗತಿ ಏನು ಎಂದು ಬುದ್ಧಿ ಹೇಳಿದವರಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. 1997ರಲ್ಲಿ ಮಗ ಹುಟ್ಟಿದ. 1998ರ ಆಗಸ್ಟಿನಲ್ಲಿ ಅವಳೊಬ್ಬಳದೇ ಮೊದಲ ಆಲ್ಬಂ, ‘ದಿ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್’ ಹೊರಬಂತು. ಮಗನ ಮೇಲೆ ಕಟ್ಟಿದ ಹಾಡೂ ಅದರಲ್ಲಿದೆ!

ಹಿಪ್ ಹಾಪ್‌ನಲ್ಲಿ ತಾಳಕ್ಕೆ ಸರಿಯಾಗಿ, ಪ್ರಾಸ ಕಟ್ಟಿ, ಪಟಪಟನೆ ಮಾತಾಡುತ್ತಾರಲ್ಲ, ಅದಕ್ಕೆ ಇವಳು ಸೋಲ್ ಗಾಯನ, ಜಮೈಕಾದ ರೆಗ್ಗೆ, ಚರ್ಚಿನ ಭಜನೆಯ ಧಾಟಿ ಎಲ್ಲಾ ಬೆರೆಸಿದಳು. ನಡುನಡುವೆ ಒಂದು ತರಗತಿ: ಮೇಷ್ಟರು ಹಾಜರಿ ಕೂಗುತ್ತಾರೆ, ಲಾರಿನ್ ಗೈರುಹಾಜರು! ಮಕ್ಕಳು ಪ್ರೀತಿಯೆಂದರೆ ಏನೆಂದು ಚರ್ಚಿಸುತ್ತಾರೆ.

ಹದ ತಪ್ಪಿದ್ದರೆ ಕಲಸುಮೇಲೋಗರವೇ ಸರಿ. ಆದರೆ ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿ ಬರೆದರು. ತರಗತಿಯ ಮಾತು ಅತಿಯಾಯಿತು ಎಂದು ಗೊಣಗಿದವರೂ ಇಲ್ಲದಿಲ್ಲ. 1999ರ ಫೆಬ್ರವರಿಯಲ್ಲಿ ಒಂದೇ ರಾತ್ರಿ 5 ಗ್ರ್ಯಾಮಿ ಪ್ರಶಸ್ತಿ ಅವಳ ಮಡಿಲಿಗೆ ಬಿತ್ತು. ಆಗ ಅವಳಿಗೆ ವಯಸ್ಸು 23. ‘ವರ್ಷದ ಆಲ್ಬಂ’ ಗೌರವ ಹಿಪ್ ಹಾಪ್‌ಗೆ ಸಂದದ್ದು ಅದೇ ಮೊದಲು.

ಇಷ್ಟಾದರೂ ಎಲ್ಲವೂ ಸಿಹಿಯಲ್ಲ. ಜೊತೆಗೆ ದುಡಿದ ಕೆಲವು ಸಂಗೀತಗಾರರು, ತಮ್ಮ ಪಾಲಿನ ಹೆಸರು ತಮಗೆ ಸಿಗಲಿಲ್ಲವೆಂದು ಕೋರ್ಟಿಗೆ ಹೋದರು, 2001ರಲ್ಲಿ ರಾಜಿಯಾಯಿತು. ನಾಲ್ಕು ಕೈ ಸೇರಿದ ಅಡುಗೆಗೆ ಹೊಗಳಿಕೆ ಒಬ್ಬರಿಗೇ ಹೋದರೆ ಉಳಿದವರ ಮನಸ್ಸು ನೋಯುವುದು ನಮಗೇನು ಹೊಸತೇ? 2002ರಲ್ಲಿ ಬರೀ ಗಿಟಾರ್ ಹಿಡಿದು ಹಾಡಿದ ಅವಳ ಧ್ವನಿಮುದ್ರಣ ಬಂದಾಗ ಅದೇ ವಿಮರ್ಶಕರು ಎರಡು ಪಂಗಡವಾದರು. ಹೊಗಳಿಕೆ ಅಂದರೆ ಹಾಗೇ, ಇವತ್ತಿದ್ದದ್ದು ನಾಳೆಗಿಲ್ಲ. ಆದರೆ ಆ ಮೊದಲ ಆಲ್ಬಂ ಮಾತ್ರ ಮಾಸಲಿಲ್ಲ. 2024ರಲ್ಲಿ ಆಪಲ್ ಮ್ಯೂಸಿಕ್ ಆರಿಸಿದ 100 ಅತ್ಯುತ್ತಮ ಆಲ್ಬಂಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ಮಗುವೂ ಬಂತು, ಹಾಡೂ ಬಂತು. ಆದ್ದರಿಂದ ನಿಮ್ಮ ಮನೆಯ ಸೊಸೆ ಬಸುರಿಯಾದಾಗ ಅವಳ ತಂಬೂರಿಗೆ ಗವಸು ಹಾಕಿ ಅಟ್ಟಕ್ಕೇರಿಸುವ ಮುಂಚೆ, ಒಂದು ಮಾತು ಅವಳನ್ನೇ ಕೇಳಿ ನೋಡಿ, ಆಗದೇ?