ಕುಸುಮರೋಗ: ತಾಯಿಯನ್ನು ಹಳಿಯುವುದು ಸಲ್ಲದು

ಕುಸುಮರೋಗವುಳ್ಳ ಬಾಲಕನ ಮೊಣಕಾಲು ಊದಿಕೊಂಡರೆ, ಔಷಧಕ್ಕೆ ಮುನ್ನ ತಾಯಿಯನ್ನು ಹಳಿಯುವವರುಂಟು. ಇದನ್ನು ನಾವು ಒಪ್ಪಲಾರೆವು. ಹಿಮೋಫಿಲಿಯಾ ಎಂಬ ಈ ರೋಗಕ್ಕೆ ಕಾರಣ, ರಕ್ತವನ್ನು ಹೆಪ್ಪುಗಟ್ಟಿಸುವ ಎಂಟನೆಯ ಅಥವಾ ಒಂಬತ್ತನೆಯ ಅಂಶದ ಕೊರತೆ. ಮಗನಿಗೆ ಎಕ್ಸ್ ವರ್ಣತಂತು ತಾಯಿಯಿಂದಲೇ ಬರುವುದು ನಿಜ. ಆದರೆ ವಂಶವಾಹಿಯನ್ನು ಆರಿಸಿಕೊಡುವ ಶಕ್ತಿ ಯಾವ ತಾಯಿಗೂ ಇಲ್ಲ. ಮೇಲಾಗಿ, ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನವರ ಮನೆತನದಲ್ಲಿ ಈ ರೋಗ ಹಿಂದೆ ಕಂಡದ್ದೇ ಇಲ್ಲ.

ನಾವು ದೂಷಿಸುತ್ತ ಕುಳಿತಷ್ಟು ಹೊತ್ತೂ ಕೀಲಿನೊಳಗೆ ರಕ್ತ ಸೋರುತ್ತಿರುತ್ತದೆ. 1964ರಲ್ಲಿ ಜೂಡಿತ್ ಪೂಲ್ ಅವರು ಪ್ಲಾಸ್ಮಾದಿಂದ ಎಂಟನೆಯ ಅಂಶವನ್ನು ಸುಲಭವಾಗಿ ಪಡೆಯುವ ವಿಧಾನವನ್ನು ಪ್ರಕಟಿಸಿದರು. ಇಂದು ಕೊರತೆಯಾದ ಅಂಶವನ್ನೇ ಚುಚ್ಚುಮದ್ದಾಗಿ ಕೊಡಬಹುದು. ಬೇಗ ಕೊಟ್ಟರೆ ಕೀಲು ಉಳಿಯುತ್ತದೆ. ತಡವಾದರೆ ನಡಿಗೆಯೇ ಕುಂದೀತು. ಈ ತಿಳಿವಳಿಕೆಯನ್ನು ವಿದ್ಯಾರ್ಥಿಗಳು ಮನೆಮನೆಗೆ ಮುಟ್ಟಿಸಬೇಕು.