ಶಾಂತಿ ಸಭೆಯ ಚಹಾ ಆರಿದ ಮೇಲೆ ಏನು?

ಸಂಜೆ ಆರು ಗಂಟೆ ಎಂದರೆ ಮಂಗಳೂರಿನ ಅಂಗಡಿಯವರಿಗೆ ಕೈತುಂಬ ಕೆಲಸದ ಹೊತ್ತು. ಆಫೀಸು ಬಿಟ್ಟಿರುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಸುರತ್ಕಲ್, ಮುಡಿಪು, ಬಿ.ಸಿ. ರೋಡ್ ಎಂದು ಗಂಟಲು ಹರಿಯುವಂತೆ ಕೂಗುತ್ತಿರುತ್ತಾರೆ. ಬಸ್ಸಿಗೆ ಇನ್ನೂ ಹತ್ತು ನಿಮಿಷ ಉಂಟು ಎಂದು ಕಂಡವರು ಅರ್ಧ ಕಿಲೋ ಟೊಮೆಟೊ, ಒಂದು ಚೆಂಡು ಮಲ್ಲಿಗೆ, ಮಕ್ಕಳಿಗೆ ಬಿಸ್ಕತ್ತು ಕಟ್ಟಿಸಿಕೊಳ್ಳುತ್ತಾರೆ. ಬೆಳಗ್ಗಿನಿಂದ ನೊಣ ಹೊಡೆದ ಅಂಗಡಿಗೂ ಆಗ ಜೀವ ಬರುತ್ತದೆ.

2022ರ ಜುಲೈ ಕೊನೆಗೆ ಸರಿಯಾಗಿ ಆ ಹೊತ್ತಿಗೇ ಶಟರ್ ಎಳೆಯಿರಿ ಎಂಬ ಹುಕುಂ ಬಂತು. ಹತ್ತು ದಿನದೊಳಗೆ ಜಿಲ್ಲೆಯಲ್ಲಿ ಮೂವರು ಯುವಕರ ಕೊಲೆ ನಡೆದಿತ್ತು. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಅಂಗಡಿ ಬಂದ್. ಆಗಸ್ಟ್ ಮೊದಲ ವಾರದವರೆಗೂ ಅದು ಎಳೆಯಿತು. ಮೊದಲೇ ಆಟಿ ತಿಂಗಳು, ವ್ಯಾಪಾರ ಡಲ್. ಮೀನುಗಾರಿಕೆಯ ಮಳೆಗಾಲದ ನಿಷೇಧ ಮುಗಿದು ದಕ್ಕೆ ಕಣ್ಣು ಬಿಡುವ ಹೊತ್ತು. ಎರಡು ತಿಂಗಳು ಕಾದವರಿಗೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಕೊಂದವರು ಯಾರೋ, ಸತ್ತವರು ಯಾರೋ. ಮೂರು ಮನೆಗಳ ಅಮ್ಮಂದಿರ ದುಃಖದ ಮುಂದೆ ಯಾವ ಅಂಗಡಿಯ ನಷ್ಟವೂ ದೊಡ್ಡದಲ್ಲ. ಆದರೂ ಗಲಾಟೆಯ ಬಿಲ್ಲು ಕೊನೆಗೆ ಬರುವುದು ಗಲಾಟೆಗೆ ಹೋಗದವರ ಹೆಸರಿಗೇ. 2025ರಲ್ಲೂ ಅದೇ ಕತೆ. ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಮತ್ತೆ ಮೂರು ಕೊಲೆ. ಮೇ 2ರ ಬಂದ್ ದಿನ ಬಸ್ಸಿಗೆ ಕಲ್ಲು. ಬಸ್ಸು ಇಲ್ಲದೆ ನಡೆದು ಮನೆಗೆ ಹೋದವರನ್ನು ಯಾವ ಪಕ್ಷದವರೂ ಬಂದು ಮಾತಾಡಿಸಲಿಲ್ಲ.

ಇದಕ್ಕೆ ಕಾನೂನಿನ ಹೆಸರೂ ಬದಲಾಯಿತು. ಮೊದಲು 144ನೇ ಸೆಕ್ಷನ್ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 163 ಆಗಿದೆ. ನಂಬರು ಬದಲಾದರೂ ಶಟರ್ ಬೀಳುವ ಸದ್ದು ಮಾತ್ರ ಅದೇ!

ಅದೇ ಹಾಲು, ಅದೇ ಮುಖ

ಗಲಾಟೆ ತಣ್ಣಗಾದ ಮೇಲೆ ನಡೆಯುವುದೇನು ಎಂಬುದು ಜಗಜ್ಜಾಹೀರು. ಶಾಂತಿ ಸಭೆ ಕರೆಯುತ್ತಾರೆ. ಅಧಿಕಾರಿಗಳು ವೇದಿಕೆ ಮೇಲೆ, ಮುಖಂಡರು ಮುಂದಿನ ಸಾಲಿನಲ್ಲಿ. ಆ ಕಡೆಯವರು ಈ ಕಡೆಯವರನ್ನು ದೂರುತ್ತಾರೆ, ಈ ಕಡೆಯವರು ಆ ಕಡೆಯವರನ್ನು. ನಮ್ಮ ಜಿಲ್ಲೆ ಬುದ್ಧಿವಂತರ ಜಿಲ್ಲೆ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಚಹಾ, ಬಿಸ್ಕತ್ತು, ಫೋಟೋ. ಮರುದಿನ ಪೇಪರು. ಆಮೇಲೆ ಮುಂದಿನ ಗಲಾಟೆಯವರೆಗೆ ಯಾರಿಗೂ ಯಾರ ನೆನಪೂ ಇಲ್ಲ.

ಬೆಂಕಿ ಬಿದ್ದಾಗ ಬಾವಿ ತೋಡುವ ಈ ಕೆಲಸವನ್ನು ಪೂರ್ತಿ ಹಳಿಯಬೇಕಿಲ್ಲ. ಅಧಿಕಾರಿಗಳಿಗೆ ಅವರದೇ ಕಷ್ಟ ಉಂಟು. ಆದರೆ ಆ ಸಭೆಗೆ ಮೀನು ಮಾರುವವಳನ್ನು ಕರೆಯುತ್ತಾರಾ? ಆಟೋದವನನ್ನು? ಸಂಜೆ ಕೊನೆಯ ಟ್ರಿಪ್ ಹೊಡೆಯುವ ಕಂಡಕ್ಟರನ್ನು? ಊರಿನ ನಾಡಿ ಹಿಡಿದವರು ಅವರು. ಯಾವ ಗಲ್ಲಿಯಲ್ಲಿ ಯಾವ ಹುಡುಗರು ಗುಸುಗುಸು ಮಾಡುತ್ತಿದ್ದಾರೆ ಎಂಬುದು ಮುಖಂಡರಿಗಿಂತ ಮೊದಲು ಗೂಡಂಗಡಿಯವನಿಗೆ ಗೊತ್ತಿರುತ್ತದೆ.

ಬೀದಿಗೆ ಬಂದವರು

ಹಾಲಿನಲ್ಲಿ ಕೂರದೆ ಬೀದಿಗೆ ಬಂದ ಶಾಂತಿಯವರೂ ಇದ್ದಾರೆ. 2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲಿಕ್ಕೆ ಇಲ್ಲ ಎಂಬ ಬೋರ್ಡುಗಳು ಎದ್ದವು. 2002ರ ಮುಜರಾಯಿ ನಿಯಮ ದೇವಸ್ಥಾನದ ಜಾಗವನ್ನು ಅನ್ಯಧರ್ಮೀಯರಿಗೆ ಗುತ್ತಿಗೆ ಕೊಡಲು ಬಿಡುವುದಿಲ್ಲ ಎಂದು ಆಗಿನ ಸರ್ಕಾರ ವಿಧಾನಸಭೆಯಲ್ಲಿ ಹೇಳಿತು. ನಿಯಮದ ಪುಸ್ತಕ ಇಪ್ಪತ್ತು ವರ್ಷ ಕಪಾಟಿನಲ್ಲೇ ಇತ್ತು. ಅಷ್ಟೂ ವರ್ಷ ಬಳೆ, ಬಲೂನು, ಕಲ್ಲಂಗಡಿ ಮಾರಿದವರ ಧರ್ಮ ಯಾರೂ ಕೇಳಿರಲಿಲ್ಲ.

ಆ ಬಿಸಿಯಲ್ಲೇ, ಅದೇ ವರ್ಷ ಮೇ 14ರಂದು ಉಡುಪಿಯಲ್ಲಿ ಸಹಬಾಳ್ವೆ ಸಮಾವೇಶ ನಡೆಯಿತು. ಮೊದಲು ಸಾಮರಸ್ಯ ನಡಿಗೆ, ಆಮೇಲೆ ಸಭೆ. ದಲಿತ ಸಂಘಟನೆಗಳು, ಮುಸ್ಲಿಂ, ಕ್ರೈಸ್ತ ಸಂಘಟನೆಗಳು, ಪ್ರಗತಿಪರರು, ಬೇರೆ ಬೇರೆ ಧರ್ಮದ ಗುರುಗಳು ಒಟ್ಟಿಗೆ ಹೆಜ್ಜೆ ಹಾಕಿದರು. ಹಿಜಾಬ್ ಗಲಾಟೆ ಶುರುವಾದ ಊರಿನ ರಸ್ತೆಯಲ್ಲೇ ಅಷ್ಟು ಜನ ನಡೆದದ್ದು ಸಣ್ಣ ಮಾತಲ್ಲ. ಮನೆಯಲ್ಲಿ ಕೂತು ಹೆದರಿದ್ದವರಿಗೆ, ಊರಿನಲ್ಲಿ ನಮ್ಮ ಹಾಗೆ ಯೋಚಿಸುವವರು ಬೇರೆಯವರೂ ಇದ್ದಾರೆ ಎಂಬ ಧೈರ್ಯ ಅಂದು ಬಂತು.

ಆದರೆ ಅಂಗಡಿ ಕಟ್ಟೆಯ ಪ್ರಶ್ನೆಯೂ ಸುಳ್ಳಲ್ಲ. "ಸಭೆ ಒಳ್ಳೆದೇ ಮಾರಾಯ್ರೆ, ಮಾರನೇ ದಿನ ಎಂತಾಯ್ತು?" ಮೂರು ತಿಂಗಳು ಕಳೆಯುವುದರೊಳಗೆ ಪಕ್ಕದ ಜಿಲ್ಲೆಯಲ್ಲಿ ಮೂರು ಹೆಣ ಬಿತ್ತು. ಸಭೆಯಿಂದ ಕೊಲೆ ನಿಂತಿತು ಎಂದು ಯಾರೂ ಎದೆತಟ್ಟಿ ಹೇಳುವ ಹಾಗಿಲ್ಲ. ಸಮಾವೇಶಕ್ಕೆ ಬಂದವರು ಮೊದಲೇ ಒಪ್ಪಿದವರು. ಒಪ್ಪದವರು ಬಾಗಿಲು ಹಾಕಿಕೊಂಡರು. ಭಾಷಣ ಮಾಡಿದವರಿಗೆ ಮರುದಿನ ಬೇರೆ ಊರು, ಬೇರೆ ಮೈಕು. ಶಾಂತಿಯವರ ಕಾರ್ಯಕ್ರಮಗಳ ಬಗ್ಗೆ ಪೇಟೆಯ ಜನಕ್ಕೆ ಇರುವ ಸಿಟ್ಟು ಇದೇ. ಅದಕ್ಕೆ ಉತ್ತರ ಬೇಕು.

ಭಿವಂಡಿಯ ಪಾಠ

ಮುಂಬೈ ಪಕ್ಕದ ಭಿವಂಡಿ ಪವರ್‌ಲೂಮಿನ ಊರು. 1970ರ ಮೇ ತಿಂಗಳಲ್ಲಿ ಶಿವಜಯಂತಿ ಮೆರವಣಿಗೆಯ ದಿನ ಅಲ್ಲಿ ಬೆಂಕಿ ಬಿತ್ತು. ನ್ಯಾಯಮೂರ್ತಿ ಮದನ್ ಆಯೋಗ ಕೂತು ವಿಚಾರಣೆ ನಡೆಸಿತು. 1984ರಲ್ಲಿ ಮತ್ತೆ ಹೊತ್ತಿಕೊಂಡಿತು. ಭಿವಂಡಿ ಎಂದರೆ ಗಲಭೆ ಎಂದು ಹೆಸರಾಯಿತು.

1988ರಲ್ಲಿ ಅಲ್ಲಿ ಡಿಸಿಪಿ ಆಗಿದ್ದ ಸುರೇಶ್ ಖೋಪಡೆ ಎಂಬ ಅಧಿಕಾರಿ ಬೇರೆ ದಾರಿ ಹಿಡಿದರು. ಗಲ್ಲಿ ಗಲ್ಲಿಗೆ ಮೊಹಲ್ಲಾ ಸಮಿತಿ. ಅದರಲ್ಲಿ ಹಿಂದೂಗಳು, ಮುಸ್ಲಿಮರು, ಜತೆಗೊಬ್ಬ ಪೊಲೀಸು. ದೊಡ್ಡ ಮುಖಂಡರಿಗಿಂತ ಅಲ್ಲೇ ವಾಸವಿದ್ದ ಸಾಮಾನ್ಯ ಜನಕ್ಕೆ ಮಣೆ. ಗಲಾಟೆ ಇರಲಿ ಬಿಡಲಿ, ಸಮಿತಿ ಸೇರುತ್ತಲೇ ಇತ್ತು. ಮಾತು ಶಾಂತಿಯದ್ದೇ ಆಗಬೇಕೆಂದಿರಲಿಲ್ಲ. ನೆರೆಹೊರೆಯ ಸಣ್ಣಪುಟ್ಟ ಜಗಳವೇ ಅಲ್ಲಿಗೆ ಬರುತ್ತಿತ್ತು. ಹಾಗೆ ಒಬ್ಬರಿಗೊಬ್ಬರ ಹೆಸರು, ಮನೆ, ಮಕ್ಕಳು ಗೊತ್ತಾದವು.

ಫಲ ಏನು? 1992ರ ಡಿಸೆಂಬರಿನಲ್ಲಿ ಬಾಬ್ರಿ ಮಸೀದಿ ಬಿದ್ದ ಮೇಲೆ ಮುಂಬೈ ಎರಡು ಸಲ ಹೊತ್ತಿ ಉರಿಯಿತು. ಶ್ರೀಕೃಷ್ಣ ಆಯೋಗದ ಲೆಕ್ಕದಂತೆ ಸತ್ತವರು 900 ಮಂದಿ. ಪಕ್ಕದಲ್ಲೇ ಇದ್ದ, ಗಲಭೆಗೆ ಹೆಸರಾಗಿದ್ದ ಭಿವಂಡಿ ಮಾತ್ರ ಶಾಂತವಾಗಿತ್ತು! ಅದನ್ನು ಕಂಡ ಮೇಲೆ ಮುಂಬೈಯಲ್ಲೂ ಮೊಹಲ್ಲಾ ಸಮಿತಿ ಚಳವಳಿ ಎದ್ದಿತು. ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೋ ರಿಬೇರೊ, ಆಗಿನ ಕಮಿಷನರ್ ಸತೀಶ್ ಸಾಹ್ನಿ, ಶಾಂತಿ ಕಾರ್ಯಕರ್ತೆ ಸುಶೋಭಾ ಬರ್ವೆ ಮುಂತಾದವರು ಅದಕ್ಕೆ ಹೆಗಲು ಕೊಟ್ಟರು. ಭಾಷಣಕ್ಕಿಂತ ಕ್ರಿಕೆಟ್ ವಾಸಿ ಎಂದು ಶಾಂತಿಗಾಗಿ ಕ್ರಿಕೆಟ್ ಪಂದ್ಯ ಆಡಿಸಿದರು. ಗಲ್ಲಿಯ ಹುಡುಗರೂ ಪೊಲೀಸರೂ ಒಂದೇ ಮೈದಾನಕ್ಕೆ ಇಳಿದರು.

ವ್ಯಾಪಾರವೇ ಬೇಲಿ

ಅಶುತೋಷ್ ವಾರ್ಷ್ನೇಯ ಎಂಬ ವಿದ್ವಾಂಸರು ವರ್ಷಗಟ್ಟಲೆ ಕೂತು ದೇಶದ ಗಲಭೆಗಳ ಲೆಕ್ಕ ತೆಗೆದು 2002ರಲ್ಲಿ ಪುಸ್ತಕ ಬರೆದರು. ಅಲೀಗಢದಲ್ಲಿ ಪದೇ ಪದೇ ಗಲಭೆ, ಕೋಯಿಕ್ಕೋಡಿನಲ್ಲಿ ಶಾಂತಿ. ಎರಡೂ ಊರಲ್ಲಿ ಹಿಂದೂ ಮುಸ್ಲಿಮರ ಪ್ರಮಾಣ ಸುಮಾರು ಒಂದೇ. ಹಾಗಾದರೆ ಈ ವ್ಯತ್ಯಾಸ ಯಾಕೆ? ಕೋಯಿಕ್ಕೋಡಿನಲ್ಲಿ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುವ ಮನೆ ಎಲ್ಲದರಲ್ಲೂ ಇಬ್ಬರೂ ಒಟ್ಟಿಗೆ ಇದ್ದರು. ಗಾಳಿಸುದ್ದಿ ಬಂದರೆ ಪಕ್ಕದ ಅಂಗಡಿಗೆ ಕೇಳಿದರೆ ಸಾಕು, ನಿಜ ಗೊತ್ತಾಗುತ್ತಿತ್ತು. ಊರಿನ ಶಾಂತಿ ಕಾಯುವುದು ಬರೀ ನೆರೆಹೊರೆಯ ನಮಸ್ಕಾರ ಅಲ್ಲ, ಒಟ್ಟಿಗೆ ಕಟ್ಟಿದ ಸಂಘ ಎಂಬುದು ಅವರ ತೀರ್ಮಾನ.

ಇದನ್ನು ಕರಾವಳಿಯವರಿಗೆ ಹೊಸದಾಗಿ ಕಲಿಸಬೇಕಾ? ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದ್ದು ಎಂಬ ಐತಿಹ್ಯ ಸಣ್ಣ ಮಕ್ಕಳಿಗೂ ಗೊತ್ತು. ಆ ಊರಿನ ಹೆಸರಲ್ಲೇ ಆ ವ್ಯಾಪಾರಿ ಇದ್ದಾನೆ. 2022ರಲ್ಲಿ ಆ ಜಾತ್ರೆಯ ಹೊತ್ತಿಗೂ ಬಹಿಷ್ಕಾರದ ಬೋರ್ಡು ಕಾಣಿಸಿಕೊಂಡಿತು ಎಂದರೆ ಏನನ್ನಬೇಕು? ಬಪ್ಪ ಬ್ಯಾರಿಯೇ ಬಂದರೂ ಅಂಗಡಿ ಇಡಲಿಕ್ಕೆ ಜಾಗ ಇಲ್ಲ!

ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಹಿಂದೂವಿನ ಅಂಗಳದಲ್ಲೂ ಕ್ರಿಶ್ಚಿಯನ್ನರ ಅಂಗಳದಲ್ಲೂ ಅರಳುತ್ತದೆ. ದೇವಸ್ಥಾನಕ್ಕೂ ಹೋಗುತ್ತದೆ, ಬ್ಯಾರಿಗಳ ಮದುವೆಗೂ ಹೋಗುತ್ತದೆ. ಬಂದ್ ಆದ ದಿನ ಎಲ್ಲರ ಮಲ್ಲಿಗೆಯೂ ಬಾಡುತ್ತದೆ.

ಇನ್ನು ಮುಂದೆ ಎಂತ ಮಾಡುವುದು?

ಶಾಂತಿ ಕಾರ್ಯಕರ್ತರು ಮೊದಲು ಟೌನ್‌ಹಾಲಿನ ಬಾಡಿಗೆ ಉಳಿಸಲಿ. ಅದೇ ದುಡ್ಡಲ್ಲಿ ಮಾರ್ಕೆಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ದಕ್ಕೆಯಲ್ಲಿ ಕಾರ್ಯಕ್ರಮ ಇಡಲಿ. ಜನವರಿ 30ಕ್ಕೆ ಗಾಂಧಿ ಫೋಟೋಕ್ಕೆ ಹಾರ ಹಾಕಿ ಅಕ್ಟೋಬರ್ 2ರವರೆಗೆ ಮಲಗುವ ಕೆಲಸ ಬೇಡ. ತಿಂಗಳಿಗೆ ಒಂದು ಸಂಜೆ ಸಾಕು. ಆ ತಿಂಗಳೂ ಈ ತಿಂಗಳೂ ಅದೇ ಜನ ಬರಬೇಕು, ಆಗ ಪರಿಚಯ ಬೆಳೆಯುತ್ತದೆ. ಚರಂಡಿ, ಪಾರ್ಕಿಂಗ್, ಬೀದಿ ದೀಪ ಎಂಬ ವಿಷಯ ಎತ್ತಿದರೆ ಒಪ್ಪದವರೂ ಬಂದು ಕೂರುತ್ತಾರೆ.

ಆಟವನ್ನೂ ಬಿಡಬೇಡಿ. ಜಿಲ್ಲೆಯಲ್ಲಿ ಕ್ರಿಕೆಟ್ಟಿಗೆ, ಕಬಡ್ಡಿಗೆ ಬರವಿಲ್ಲ. ಆದರೆ ಆ ಸಮಾಜದ ಟ್ರೋಫಿ, ಈ ಸಮಾಜದ ಕಪ್ಪು ಎಂದು ಮೈದಾನವನ್ನೂ ಪಾಲು ಮಾಡಿಕೊಂಡಾಗಿದೆ. ಬೀದಿ ಲೆಕ್ಕದಲ್ಲಿ, ವಾರ್ಡು ಲೆಕ್ಕದಲ್ಲಿ ಟೀಮು ಕಟ್ಟಿದರೆ ಒಂದು ಟೀಮಿನ ವಿಕೆಟ್ ಕೀಪರೂ ಬೌಲರೂ ಬೇರೆ ಬೇರೆ ಧರ್ಮದವರಾದರೂ ಗೆಲ್ಲುವ ಆಸೆ ಒಂದೇ ಆಗುತ್ತದೆ.

ಅಂಗಡಿಯವರದ್ದೂ ಪಾಲು ಉಂಟು. ಶಾಂತಿಯವರ ಪಟ್ಟಿಗೆ ನೂರು ರೂಪಾಯಿ ಕೊಟ್ಟು ಕೈತೊಳೆದರೆ ಆಗ್ಲಿಕ್ಕಿಲ್ಲ. ವರ್ತಕರ ಸಂಘಗಳು ಎಲ್ಲ ಧರ್ಮದವರೂ ಇರುವ ಸಮಿತಿ ಮಾಡಲಿ. ವಾಟ್ಸಾಪಿನಲ್ಲಿ ಗಾಳಿಸುದ್ದಿ ಹಾರಿದ ಕೂಡಲೇ ಆ ಬೀದಿಯ ಅಂಗಡಿಗೆ ಒಂದು ಫೋನು ಹೋಗಲಿ. "ಅಲ್ಲಿ ಗಲಾಟೆ ಉಂಟಂತೆ, ಹೌದಾ?" "ಇಲ್ಲಿ ಎಂತದ್ದೂ ಇಲ್ಲ, ಚಾ ಕುಡೀತಾ ಇದ್ದೇವೆ." ಇಷ್ಟರಲ್ಲೇ ಅರ್ಧ ಊರು ಉಳಿಯುತ್ತದೆ.

ಬಸ್ಸಿನವರಿಗೂ ಒಂದು ಮಾತು. ಒಂದೇ ಸೀಟಿನಲ್ಲಿ ಕೂತ ಹುಡುಗ ಹುಡುಗಿಯ ಧರ್ಮ ಕೇಳಿ ಬಸ್ಸು ತಡೆದು ಹಲ್ಲೆ ಮಾಡಿದ ಪ್ರಕರಣ ಈ ಕರಾವಳಿ ಸಾಕಷ್ಟು ಕಂಡಿದೆ. ಟಿಕೇಟು ಕೊಟ್ಟವರು ಪ್ರಯಾಣಿಕರು, ಅಷ್ಟೇ. ಕಂಡಕ್ಟರ್ ಒಬ್ಬನೇ ಎದುರು ನಿಂತರೆ ಅವನಿಗೂ ಏಟು ಬೀಳಬಹುದು. ಬಸ್ಸಿನಲ್ಲಿದ್ದ ನಲವತ್ತು ಮಂದಿ ಒಟ್ಟಿಗೆ ಎದ್ದರೆ ಹೊಡೆಯಲು ಬಂದವನು ಇಳಿದು ಹೋಗುತ್ತಾನೆ. ಅದಕ್ಕಿಂತ ದೊಡ್ಡ ಶಾಂತಿ ಸಭೆ ಬೇರೆ ಯಾವುದು?

ಹಾಗೆಂದು ಸರ್ಕಾರ ಕೈಕಟ್ಟಿ ಕೂರುವಂತಿಲ್ಲ. 2025ರ ಜೂನಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆಂದು ವಿಶೇಷ ಕಾರ್ಯಪಡೆ ಕಟ್ಟಿದರು, ಒಳ್ಳೆಯದೇ. ಕೊಂದವನಿಗೆ ಶಿಕ್ಷೆ, ನೊಂದವರಿಗೆ ಒಂದೇ ತಕ್ಕಡಿಯ ನ್ಯಾಯ ಸಿಗದೆ ಬರೀ ಕೈ ಕುಲುಕಿಸಿದರೆ ಅದು ನಾಟಕ. 2022ರ ಕೊಲೆಗಳಲ್ಲಿ ಒಂದು ಮನೆಗೆ 25 ಲಕ್ಷ ಕೂಡಲೇ ಬಂತು, ಉಳಿದ ಮನೆಗಳು 2023ರಲ್ಲಿ ಸರ್ಕಾರ ಬದಲಾಗುವವರೆಗೆ ಕಾದವು. ಅಮ್ಮಂದಿರ ಕಣ್ಣೀರಿಗೆ ಎರಡು ಅಳತೆ ಇಟ್ಟರೆ ಶಾಂತಿಯ ಮಾತು ಯಾರ ಕಿವಿಗೂ ಹೋಗುವುದಿಲ್ಲ. ಇದನ್ನು ಶಾಂತಿಯವರು ಯಾರಿಗೂ ಹೆದರದೆ, ಯಾವ ಸರ್ಕಾರ ಇದ್ದರೂ, ಮೈಕಿನಲ್ಲಿ ಹೇಳಬೇಕು.

ಮುಂದಿನ ಸಲ ಸೌಹಾರ್ದ ಕಾರ್ಯಕ್ರಮದ ಕರಪತ್ರ ಹಿಡಿದು ಯಾರಾದರೂ ಅಂಗಡಿಗೆ ಬಂದರೆ, ಅದರಲ್ಲಿ ಕಡಲೆ ಕಟ್ಟಿ ಗಿರಾಕಿಗೆ ಕೊಡುವ ಮೊದಲು ಒಮ್ಮೆ ಓದಿ. ಒಂದು ಗಂಟೆ ಶಟರ್ ಎಳೆದು ಹೋಗಿ ಕೂತು ಬಂದರೆ ನಷ್ಟ ಒಂದು ಗಂಟೆಯದ್ದು. ಹೋಗದೆ ಇದ್ದರೆ ಮುಂದೊಂದು ದಿನ ಶಟರ್ ಎಳೆಸಲು ಬೇರೆಯವರು ಬರುತ್ತಾರೆ. ಆಗ ಎಷ್ಟು ಗಂಟೆ, ಎಷ್ಟು ದಿನ ಎಂದು ಕೇಳುವ ಹಾಗೂ ಇರುವುದಿಲ್ಲ.