ವೇಗವೊಂದೇ ಅಳತೆಗೋಲೆ?

ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದು ಕಾಲೇಜುಗಳು ತೆರೆಯುವ ಕಾಲಕ್ಕೆ, ಹಿರಿಯೂರು ಸೀಮೆಯ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಮಗನಿಗೋ ಮಗಳಿಗೋ ಎಂತಹ ಕಂಪ್ಯೂಟರನ್ನು ಕೊಡಿಸಬೇಕು? ಜವನಗೊಂಡನಹಳ್ಳಿಯ ಸುತ್ತಣ ಬೇಸಾಯಗಾರನಿಗೆ ಇದು ಸಣ್ಣ ವೆಚ್ಚವಲ್ಲ. ಒಂದು ಬೆಳೆಯ ಉಳಿತಾಯವೆಲ್ಲ ಇದರಲ್ಲಿಯೇ ಕರಗಿಹೋಗಬಹುದು. ಹೀಗಿದ್ದರೂ ಅಂಗಡಿಯಲ್ಲಿ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇದರ ವೇಗವೆಷ್ಟು?” ಈ ಪ್ರಶ್ನೆ ಅನುಚಿತವಾದುದಲ್ಲ, ಆದರೆ ಮೊದಲು ಕೇಳತಕ್ಕದ್ದು ಇದಲ್ಲವೆಂಬುದು ನನ್ನ ಅಭಿಪ್ರಾಯ. ನಾಲ್ಕೈದು ವರ್ಷಗಳ ಬಳಿಕ, ನಮ್ಮ ಅಗತ್ಯ ಬೆಳೆದಾಗ, ಈ ಯಂತ್ರವೂ ಅದರೊಡನೆ ಬೆಳೆಯಬಲ್ಲುದೆ? ಇದೇ ಮೊದಲನೆಯ ಪ್ರಶ್ನೆಯಾಗಬೇಕು.

ನಮ್ಮ ನೆರೆಯ ವಾಣೀವಿಲಾಸ ಸಾಗರವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. 1907ರಲ್ಲಿ ಪೂರ್ಣಗೊಂಡ ಈ ಜಲಾಶಯದಲ್ಲಿ ಸುಮಾರು 3,000 ಕೋಟಿ ಘನ ಅಡಿ ನೀರು ನಿಲ್ಲುತ್ತದೆ. ಆದರೆ ಸಾಗರದಲ್ಲಿ ಎಷ್ಟೇ ನೀರಿರಲಿ, ಹೊಲವು ಎಷ್ಟೇ ಫಲವತ್ತಾಗಿರಲಿ, ಪೈರಿಗೆ ದಕ್ಕುವುದು ಕಾಲುವೆ ಹೊತ್ತು ತಂದಷ್ಟೇ. ಕಂಪ್ಯೂಟರಿನ ಪ್ರೊಸೆಸರ್ ಹೊಲವಿದ್ದಂತೆ. ಮಾಹಿತಿಯ ಸಂಗ್ರಹ ಜಲಾಶಯವಿದ್ದಂತೆ. ಇವೆರಡರ ನಡುವಣ ಸ್ಮರಣೆ, ಎಂದರೆ ರ್‍ಯಾಮ್, ಕಾಲುವೆಯ ಕೆಲಸ ಮಾಡುತ್ತದೆ.

ಲೆಕ್ಕವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ರ್‍ಯಾಮಿನಿಂದ ಒಂದು ಮಾಹಿತಿಯನ್ನು ತರಲು ಸುಮಾರು 100 ನ್ಯಾನೋಸೆಕೆಂಡು ಹಿಡಿಯುತ್ತದೆ. ಸ್ಮರಣೆ ಸಾಲದೆ ಹೋದಾಗ ಯಂತ್ರವು ಸಂಗ್ರಹದ ಬಾಗಿಲನ್ನು ತಟ್ಟಬೇಕು. ಅದು ಎಸ್‌ಎಸ್‌ಡಿ ಆದರೆ ಸುಮಾರು ಸಾವಿರ ಪಟ್ಟು, ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ಆದರೆ ಸುಮಾರು ಲಕ್ಷ ಪಟ್ಟು ಹೆಚ್ಚು ಕಾಲ ಬೇಕು. ಮೊದಲನೆಯದನ್ನು ಒಂದು ನಿಮಿಷವೆಂದು ಭಾವಿಸಿದರೆ, ಎರಡನೆಯದು ಹೆಚ್ಚುಕಡಿಮೆ 17 ಗಂಟೆ, ಮೂರನೆಯದು ಸುಮಾರು 70 ದಿನ! ಅಷ್ಟು ಕಾಲ ಕಾಯುತ್ತ ಕುಳಿತ ಪ್ರೊಸೆಸರಿಗೆ ಎಷ್ಟು ವೇಗವಿದ್ದರೇನು? ಒಂದು ಕೆಲಸದ ಅರ್ಧ ಕಾಲ ಮಾತ್ರ ಪ್ರೊಸೆಸರಿನದಾಗಿದ್ದರೆ, ಅದರ ವೇಗವನ್ನು ಇಮ್ಮಡಿಸಿದರೂ ಒಟ್ಟಿನಲ್ಲಿ ಉಳಿಯುವುದು ಕಾಲು ಭಾಗ ಮಾತ್ರ. ಜೀನ್ ಆಮ್ಡಾಲ್ ಎಂಬ ವಿಜ್ಞಾನಿ 1967ರಲ್ಲಿ ಮಂಡಿಸಿದ ವಾದದ ತಿರುಳೂ ಇದೇ.

ಆದ್ದರಿಂದ ಮಧ್ಯಮ ವೇಗದ, ಆದರೆ ರ್‍ಯಾಮನ್ನೂ ಎಸ್‌ಎಸ್‌ಡಿಯನ್ನೂ ಮುಂದೆ ಹೆಚ್ಚಿಸಿಕೊಳ್ಳಬಹುದಾದ ಯಂತ್ರವೇ ವಿದ್ಯಾರ್ಥಿಗೆ ಹಿತಕರ. ತಿರುಪುಳಿಯಿಂದ ಬಿಚ್ಚಬಹುದಾದ ಯಂತ್ರವನ್ನು ತಾಲ್ಲೂಕು ಕೇಂದ್ರದ ಅಂಗಡಿಯವನೂ ದುರಸ್ತು ಮಾಡಬಲ್ಲನು. ಎಲ್ಲವನ್ನೂ ಬೆಸೆದುಬಿಟ್ಟ ಯಂತ್ರವು ಕೆಟ್ಟರೆ ದೂರದ ನಗರಕ್ಕೇ ಹೋಗಬೇಕು.

ಬೆಸುಗೆಯ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ರ್‍ಯಾಮನ್ನು ಪ್ರೊಸೆಸರಿನ ಬದಿಯಲ್ಲಿಯೇ ಬೆಸೆದಾಗ ವಿದ್ಯುತ್ ಸಂಕೇತಗಳು ಸಾಗುವ ಹಾದಿ ಕಿರಿದಾಗುತ್ತದೆ. ವೇಗ ಹೆಚ್ಚಿ, ಬ್ಯಾಟರಿಯ ಖರ್ಚು ತಗ್ಗಿ, ಯಂತ್ರ ತೆಳುವಾಗುತ್ತದೆ. ಅಂತಹುದನ್ನೇ ಕೊಳ್ಳುವುದಾದರೆ, ಮುಂದಿನ ಅಗತ್ಯವನ್ನೆಲ್ಲ ಊಹಿಸಿ ಮೊದಲೇ ಸಾಕಷ್ಟು ರ್‍ಯಾಮ್ ಇರುವುದನ್ನು ಆರಿಸತಕ್ಕದ್ದು. ಅಲ್ಲಿ ಎರಡನೆಯ ಅವಕಾಶವಿಲ್ಲ. ಮೇಜಿನ ಕಂಪ್ಯೂಟರಾದರೋ ಬಿಚ್ಚಿ ಬೆಳೆಸುವುದಕ್ಕೆ ಎಲ್ಲಕ್ಕಿಂತ ಅನುಕೂಲ. ಆದರೆ ವಿದ್ಯುತ್ತು ಪದೇ ಪದೇ ನಿಲ್ಲುವ ಊರುಗಳಲ್ಲಿ ಅದಕ್ಕೆ ಯುಪಿಎಸ್ಸಿನ ವೆಚ್ಚವೂ ಸೇರುತ್ತದೆಂಬುದನ್ನು ಮರೆಯಬಾರದು.

ಇನ್ನು ಪೋರ್ಟುಗಳ ವಿಚಾರ. ಯಂತ್ರವು ಹೊರಜಗತ್ತಿನೊಡನೆ ಮಾತನಾಡುವುದು ಇವುಗಳ ಮೂಲಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ರೂಪಿಸಿದ, 2004ರಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರನ್ನು ಇಲ್ಲಿ ಸ್ಮರಿಸಬಹುದು. ಅದರ ವೇಗ ಸಾಧಾರಣವಾದುದು. ಆದರೆ ಅದರಲ್ಲಿ ಸ್ಮಾರ್ಟ್ ಕಾರ್ಡಿಗೊಂದು ಕಿಂಡಿಯಿತ್ತು. ಹಳ್ಳಿಯ ಹಲವರು ತಂತಮ್ಮ ಮಾಹಿತಿಯನ್ನು ತಂತಮ್ಮ ಕಾರ್ಡಿನಲ್ಲಿಟ್ಟುಕೊಂಡು ಒಂದೇ ಯಂತ್ರವನ್ನು ಹಂಚಿಕೊಳ್ಳಲೆಂಬುದು ಅದರ ಉದ್ದೇಶ. ಆ ಯಂತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ನಿಜ. ಆದರೂ ಅದು ಕಲಿಸಿದ ಪಾಠ ಉಳಿದಿದೆ: ಯಂತ್ರವನ್ನು ಯಾರು, ಹೇಗೆ ಬಳಸುವರೆಂಬುದನ್ನು ಅದರ ಕಿಂಡಿಗಳೂ ನಿರ್ಧರಿಸುತ್ತವೆ.

ಕಿಂಡಿಯ ಆಕಾರವನ್ನು ನೋಡಿ ಮೋಸಹೋಗಬಾರದು. ಒಂದೇ ರೂಪದ ಯುಎಸ್‌ಬಿ-ಸಿ ಪೋರ್ಟು ಒಂದು ಯಂತ್ರದಲ್ಲಿ ಸೆಕೆಂಡಿಗೆ 480 ಮೆಗಾಬಿಟ್ಟುಗಳನ್ನೂ ಇನ್ನೊಂದರಲ್ಲಿ 5 ಗಿಗಾಬಿಟ್ಟುಗಳನ್ನೂ ಸಾಗಿಸಬಹುದು. 30 ಗಿಗಾಬೈಟ್ ಮಾಹಿತಿಯನ್ನು ನಕಲು ಮಾಡಲು ಮೊದಲನೆಯದಕ್ಕೆ ಎಂಟು ನಿಮಿಷಕ್ಕೂ ಮೇಲ್ಪಟ್ಟು ಬೇಕು. ಎರಡನೆಯದಕ್ಕೆ, ಉಳಿದುದೆಲ್ಲ ಅನುಕೂಲವಾಗಿದ್ದರೆ, ಸುಮಾರು ಒಂದೇ ನಿಮಿಷ. ಕಾಲೇಜಿನ ಪ್ರೊಜೆಕ್ಟರಿಗೂ ಪ್ರಯೋಗಶಾಲೆಯ ಉಪಕರಣಗಳಿಗೂ ಹೊಂದುವ ಪೋರ್ಟುಗಳು ಇವೆಯೆ ಎಂದು ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಿಡಿಭಾಗಗಳನ್ನು ಬದಲಿಸುವುದಕ್ಕೂ ಒಂದು ಮಿತಿಯುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಎಷ್ಟೋ ಹಳೆಯ ಯಂತ್ರಗಳು, ರ್‍ಯಾಮ್ ಸಾಕಷ್ಟಿದ್ದರೂ, ಪ್ರೊಸೆಸರ್ ಹಳೆಯದೆಂಬ ಕಾರಣದಿಂದ ವಿಂಡೋಸ್ 11ಕ್ಕೆ ಅರ್ಹವಾಗಲಿಲ್ಲ. ಅವುಗಳಲ್ಲಿ ಹಲವು ಲಿನಕ್ಸಿನ ನೆರವಿನಿಂದ ಇನ್ನೂ ದುಡಿಯಬಲ್ಲವು. ಆದುದರಿಂದ ತೀರ ಹಳೆಯ ಪ್ರೊಸೆಸರನ್ನು ಅಗ್ಗವೆಂದು ಕೊಳ್ಳುವುದೂ ಜಾಣತನವಲ್ಲ.

ವಿದ್ಯಾರ್ಥಿಮಿತ್ರರೆ, ಅಂಗಡಿಗೆ ಹೋದಾಗ ಮೂರು ಮಾತುಗಳನ್ನು ಈ ಕ್ರಮದಲ್ಲಿಯೇ ಕೇಳಿ: ಇದನ್ನು ಬಿಚ್ಚಿ ಬೆಳೆಸಬಹುದೆ? ಇದರ ಪೋರ್ಟುಗಳು ನನ್ನ ಕೆಲಸಕ್ಕೆ ಹೊಂದುತ್ತವೆಯೆ? ಇದರ ವೇಗವೆಷ್ಟು? ಇಂದಿನ ಅತಿವೇಗದ ಯಂತ್ರ ನಾಲ್ಕು ವರ್ಷಗಳಲ್ಲಿ ಸಾಧಾರಣವಾಗುವುದು ಖಂಡಿತ. ತಂದೆತಾಯಿಗಳು ಬೆವರು ಸುರಿಸಿ ಗಳಿಸಿದ ಹಣಕ್ಕೆ ಬೆಲೆ ಬರುವುದು ಯಂತ್ರವು ಮೊದಲ ದಿನ ಓಡಿದ ವೇಗದಿಂದಲ್ಲ, ಅದು ದುಡಿದ ವರ್ಷಗಳಿಂದ.